ಹತ್ತು ದಿನದಲ್ಲಿ ಕೈ ಪಳಗುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ. ಸಾಗರದ ಹತ್ತಿರ ಹಳ್ಳಿಯಲ್ಲಿದ್ದೇನೆ. ಮದುವೆಗೆ ಮುಂಚೆ ಐದು ವರ್ಷ ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ ಮಾಡಿದ್ದೆ. ಫೇಶಿಯಲ್, ತಲೆಗೆ ಎಣ್ಣೆ ಮಸಾಜ್ ಎಲ್ಲ ಬರುತ್ತದೆ. ಈಗ ನಮ್ಮೂರಿನ ಹೋಂಸ್ಟೇಯವರು, ಆಯುರ್ವೇದ ಮಸಾಜ್ ಕಲಿತು ಬಂದರೆ ಹೆಂಗಸರ ಅತಿಥಿಗಳಿಗೆ ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಬೆಂಗಳೂರಿನಲ್ಲಿ 10 ದಿನದ ಕೋರ್ಸೊಂದಿದೆ, ದಿನಕ್ಕೆ 8 ಗಂಟೆ. ಅಭ್ಯಂಗ (ಮೈಗೆಲ್ಲ ಎಣ್ಣೆ ಹಚ್ಚಿ ನೀವುವುದು), ಶಿರೋಧಾರಾ (ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವುದು), ಉದ್ವರ್ತನ (ಪುಡಿ ಹಚ್ಚಿ ತಿಕ್ಕುವುದು), ಪಿಂಡಸ್ವೇದ (ಬಟ್ಟೆಯ ಗಂಟಿನಿಂದ ಶಾಖ ಕೊಡುವುದು), ಕಟಿಬಸ್ತಿ, ತಲೆ ಮತ್ತು ಪಾದದ ಮಸಾಜ್, ಜೊತೆಗೆ ಸ್ವೀಡಿಶ್ ಮಸಾಜ್ ಕಲಿಸುತ್ತಾರಂತೆ. 6 ತಿಂಗಳ ಕೋರ್ಸಿಗೂ ಇದಕ್ಕೂ ವಿಷಯದಲ್ಲಿ ವ್ಯತ್ಯಾಸವಿಲ್ಲ, ಸಮಯವಷ್ಟೇ ಕಡಿಮೆ ಎನ್ನುತ್ತಾರೆ. ಮಗಳು 4ನೇ ತರಗತಿಯಲ್ಲಿದ್ದಾಳೆ, ಆರು ತಿಂಗಳು ಮನೆ ಬಿಟ್ಟಿರಲು ನನಗೆ ಸಾಧ್ಯವೇ ಇಲ್ಲ. ಹತ್ತು ದಿನದಲ್ಲಿ ಅಭ್ಯಾಸಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಆದರೂ ಹೋಗಿ ಬನ್ನಿ ಎನ್ನುವುದೇ ನನ್ನ ಸಲಹೆ. ಆ ಹತ್ತು ದಿನಕ್ಕೆ ಮುಂಚಿನ ಒಂದು ತಿಂಗಳು ಮತ್ತು ಆಮೇಲಿನ ಮೂರು ತಿಂಗಳು ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ವಿಷಯದಲ್ಲಿ ವ್ಯತ್ಯಾಸವಿಲ್ಲ ಎಂದು ಅವರು ಹೇಳಿದ್ದು ಸುಳ್ಳಲ್ಲ. ಅಭ್ಯಂಗದ ವಿಷಯ ನೋಟುಬುಕ್ಕಿನ ಎರಡು ಪುಟದಲ್ಲಿ ಮುಗಿಯುತ್ತದೆ. ಮೊದಲು ಕೂರಿಸಿ ತಲೆ, ಕಿವಿ, ಕತ್ತು, ಹೆಗಲು. ಆಮೇಲೆ ಅಂಗಾತ, ಮಗ್ಗುಲು, ಬೋರಲು, ಇನ್ನೊಂದು ಮಗ್ಗುಲು, ಮತ್ತೆ ಅಂಗಾತ, ಕೊನೆಗೆ ಮತ್ತೆ ಕೂರಿಸುವುದು. ಹೀಗೆ ಏಳು ಭಂಗಿ. ಉದ್ದನೆಯ ಎಲುಬಿರುವಲ್ಲಿ ಉದ್ದಕ್ಕೆ ನೀವುವುದು, ಸಂದುಗಳಲ್ಲಿ ಸುತ್ತಲೂ ತಿರುವುವುದು, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಹಗುರವಾಗಿ ಸವರುವುದು. ಚುರುಕಾದವರು ಇದನ್ನು ಒಂದು ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಪಂಚಕರ್ಮ ಥೆರಪಿಸ್ಟ್‌ಗಳಿಗೆ 22 ವರ್ಷದಿಂದ ಕೈಕೆಲಸ ಕಲಿಸುತ್ತಿರುವ ನಾನು ಹೇಳಿಕೊಡುವ ವಿಷಯವೂ ಇಷ್ಟೇ. ಮಿಕ್ಕ ತಿಂಗಳುಗಳೆಲ್ಲ ಕೈ ಪಳಗಲು ಹಿಡಿಯುವ ತಿಂಗಳು.

ಈಗ ಒಂದು ಲೆಕ್ಕ ಹಾಕೋಣ. ಪೆನ್ನು ತೆಗೆದುಕೊಂಡು ನೀವೂ ಬರೆಯಿರಿ, ಆ ಸಂಸ್ಥೆಯವರ ಮುಂದೆ ಕೂತಾಗ ಬೇಕಾಗುತ್ತದೆ. ಹತ್ತು ದಿನ, ದಿನಕ್ಕೆ 8 ಗಂಟೆ ಅಂದರೆ 80 ಗಂಟೆ. ಊಟ, ಕಾಫಿಗೆ ದಿನಕ್ಕೆ ಒಂದೂವರೆ ಗಂಟೆ ಕಳೆಯಿರಿ, ಉಳಿದದ್ದು 65. ಶರೀರ ರಚನೆ, ವಾತ ಪಿತ್ತ ಕಫವೆಂಬ ದೋಷಗಳು, ಎಣ್ಣೆಗಳ ಪರಿಚಯ, ಶುಚಿತ್ವ, ಅತಿಥಿಗಳೊಡನೆ ನಡೆದುಕೊಳ್ಳುವ ರೀತಿ ಎಂದು ಬೆಳಗಿನ ಪಾಠ ದಿನಕ್ಕೆ ಎರಡು ಗಂಟೆಯಾದರೂ ಇರುತ್ತದೆ, 45 ಉಳಿಯಿತು. ಗುರುಗಳು ಮಾಡಿ ತೋರಿಸುವುದಕ್ಕೆ ದಿನಕ್ಕೆ ಒಂದು ಗಂಟೆ ತೆಗೆದರೆ 35. ಆಮೇಲೆ ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರು ಮಲಗಿ, ಇನ್ನೊಬ್ಬರು ಮಾಡಿ ಎನ್ನುತ್ತಾರೆ. ಹಾಗಾಗಿ ಅದರಲ್ಲಿ ಅರ್ಧ ಹೊತ್ತು ನೀವೇ ಮಲಗಿರುತ್ತೀರಿ. ಕೊನೆಗೆ ನಿಮ್ಮ ಕೈ ಇನ್ನೊಂದು ಮೈಯ ಮೇಲೆ ಇರುವ ಹೊತ್ತು ಹದಿನೇಳೂವರೆ ಗಂಟೆ.

ಅದನ್ನು ಎಂಟು ವಿದ್ಯೆಗೆ ಹಂಚಬೇಕು. ಎಣ್ಣೆ ಕಾಯಿಸುವುದು, ಬಟ್ಟೆ ಹೊದಿಸುವುದು, ಕೊನೆಗೆ ಎಣ್ಣೆ ಒರೆಸುವುದು ಸೇರಿ ಒಂದು ಪೂರ್ತಿ ಅಭ್ಯಂಗಕ್ಕೆ ಒಂದು ಗಂಟೆ ಬೇಕು. ಬೇರೆಯವಕ್ಕೆ ಎಷ್ಟೇ ಜಿಪುಣತನ ಮಾಡಿದರೂ ಅಭ್ಯಂಗಕ್ಕೆ ಸಿಗುವುದು ಐದಾರು ಗಂಟೆ. ಅಂದರೆ ಐದಾರು ಮೈ. ಅವೂ ಬಹುಶಃ ಒಬ್ಬಳೇ ಜೊತೆಗಾತಿಯ ಮೈ. ಕಟಿಬಸ್ತಿಯ ಮಾತು ಕೇಳಲೇಬೇಡಿ: ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸಬೇಕು. ಹಿಟ್ಟಿನ ಹದ ಕೈಗೆ ಹತ್ತುವ ತನಕ ಎಣ್ಣೆ ಸೋರುತ್ತಲೇ ಇರುತ್ತದೆ, ಅಷ್ಟರಲ್ಲಿ ಆ ದಿನದ ತರಗತಿ ಮುಗಿದಿರುತ್ತದೆ.

ಹೀಗೆಂದ ಮಾತ್ರಕ್ಕೆ ಅವರು ನಿಮಗೆ ಮೋಸ ಮಾಡುತ್ತಿದ್ದಾರೆ ಎಂದಲ್ಲ. ಒಳ್ಳೆಯ ಗುರುಗಳಿದ್ದರೂ ಈ ಲೆಕ್ಕ ಹೆಚ್ಚು ಬದಲಾಗದು.

ಗಂಟೆಗಿಂತ ದೊಡ್ಡ ತೊಡಕು ಇನ್ನೊಂದಿದೆ, ಅದನ್ನು ನಿಮಗೆ ಹೋಳಿಗೆಯ ಕಣಕದ ಮೂಲಕ ಹೇಳುವುದೇ ಸುಲಭ. ಕಣಕ ಕಲಸಿ, ಎಣ್ಣೆ ಹಾಕಿ ನಾದಿ, ಮುಚ್ಚಿಡುತ್ತೀರಿ. ಎರಡು ಮೂರು ಗಂಟೆ ನೆಂದರೆ ತಟ್ಟಿದಷ್ಟೂ ಹಿಗ್ಗುತ್ತದೆ. ನೆನೆಯಲು ಬಿಡದೆ, ಆ ಎರಡು ಗಂಟೆಯೂ ಕೂತು ನಾದುತ್ತೇನೆ ಎಂದರೆ ರಟ್ಟೆ ನೋಯುತ್ತದೆ, ಹೋಳಿಗೆ ಹರಿಯುತ್ತದೆ. ಕೈಯ ಕಲಿಕೆಯೂ ಹೀಗೆಯೇ. ಇವತ್ತು ಮಾಡಿದ್ದು ರಾತ್ರಿ ನಿದ್ದೆಯಲ್ಲಿ, ನಾಳೆಯ ಬಿಡುವಿನಲ್ಲಿ ಒಳಗಿಳಿಯುತ್ತದೆ. ಮೂರನೆಯ ದಿನ ಮತ್ತೆ ಮಾಡುವಾಗ ಕೈಗೆ ತಾನಾಗಿ ದಾರಿ ಗೊತ್ತಿರುತ್ತದೆ.

ಇದು ಬರೀ ಅಡುಗೆಮನೆಯ ಮಾತಲ್ಲ. 1978ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬವರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಅಂಚೆ ಇಲಾಖೆಯವರು ಅಂಚೆಯಣ್ಣಂದಿರಿಗೆ ಟೈಪಿಂಗ್ ಕಲಿಸಬೇಕಿತ್ತು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ, ಇನ್ನೊಂದು ಗುಂಪಿಗೆ ಎರಡೆರಡು ಗಂಟೆಯಂತೆ ದಿನಕ್ಕೆ ನಾಲ್ಕು ಗಂಟೆ; ನಡುವೆ ಎರಡು ಗಂಟೆಯ ಗುಂಪುಗಳೂ ಇದ್ದವು. ಕೀಲಿಮಣೆಯ ಮೇಲೆ ಬೆರಳು ಕೂರಲು ದಿನಕ್ಕೆ ಒಂದು ಗಂಟೆಯವರಿಗೆ ಒಟ್ಟು ಸುಮಾರು 35 ಗಂಟೆ ಹಿಡಿಯಿತು. ನಾಲ್ಕು ಗಂಟೆಯವರಿಗೆ ಅದೇ ಕೆಲಸಕ್ಕೆ ಸುಮಾರು 50 ಗಂಟೆ ಬೇಕಾಯಿತು. ಇದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಎಲ್ಲರಿಗಿಂತ ಚೆನ್ನಾಗಿ ಕಲಿತ ಆ ಒಂದು ಗಂಟೆಯ ಗುಂಪಿನವರೇ ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಹೊಂದಿದ್ದರು. ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಿದ್ದೇವೆ ಎಂಬ ಕೊರಗು ಅವರಿಗೆ. ಒತ್ತಿ ತುಂಬಿದ ಕೋರ್ಸ್ ಮುಗಿಸಿದವರು ಯಾಕೆ ಅಷ್ಟು ಖುಷಿಯಾಗಿ ಹೊರಬರುತ್ತಾರೆ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ. ಹತ್ತನೆಯ ದಿನ ನಿಮಗೂ ಎಲ್ಲ ಬಂತು ಎನ್ನಿಸುತ್ತದೆ. ಆ ಭಾವನೆಯನ್ನು ನಂಬಬೇಡಿ. ಒಂದು ತಿಂಗಳು ಬಿಟ್ಟು ಏನು ಉಳಿದಿದೆ ಎಂದು ನೋಡಿ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಇಂಥದೇ ಚಿಕ್ಕ ಕೋರ್ಸಿನ ಸರ್ಟಿಫಿಕೇಟು ಹಿಡಿದು ಕೆಲಸ ಕೇಳಿಕೊಂಡು ಬಂದಳು. ಮಾಡು ನೋಡೋಣ ಎಂದು ನಾನೇ ಬೋರಲು ಮಲಗಿದೆ. ಕ್ರಮದಲ್ಲಿ ಒಂದು ತಪ್ಪಿಲ್ಲ. ಒಂದು ಹೆಜ್ಜೆ ಬಿಡಲಿಲ್ಲ. ನನ್ನ ಬಲ ಹೆಗಲಮೂಳೆಯ ಒಳಅಂಚಿನಲ್ಲಿ ಹಳೆಯ ಗಂಟೊಂದಿದೆ, ಹುಣಸೆ ಬೀಜದಷ್ಟು ದೊಡ್ಡದು. ಅದರ ಮೇಲೆ ಅವಳ ಕೈ ಮೂರು ಬಾರಿ ಹಾದುಹೋಯಿತು, ಒಮ್ಮೆಯೂ ನಿಲ್ಲಲಿಲ್ಲ. ಮುಂದಿನ ಹೆಜ್ಜೆ ಯಾವುದು ಎಂದು ನೆನಪಿಸಿಕೊಳ್ಳುವುದರಲ್ಲೇ ಅವಳ ಗಮನವೆಲ್ಲ ಖರ್ಚಾಗುತ್ತಿತ್ತು. ಅವಳನ್ನು ಇಟ್ಟುಕೊಂಡೆ, ವಾರಕ್ಕೆ ನಾಲ್ಕು ಮೈ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಮತ್ತೆ ನನ್ನ ಬೆನ್ನು ಕೊಟ್ಟಾಗ ಅವಳ ಹೆಬ್ಬೆರಳು ಆ ಜಾಗಕ್ಕೆ ಬಂದು ತಾನಾಗಿ ತಡೆಯಿತು. "ಇಲ್ಲೇನಾಗಿದೆ ಮೇಡಂ?" ಎಂದಳು. ಆ ದಿನ ಅವಳಿಗೆ ಸಂಬಳ ಏರಿಸಿದೆ.

ನೀವು ಕೇಳಿದ "ಅಭ್ಯಾಸದ ಸಮಯ"ಕ್ಕೆ ನನ್ನ ಅಳತೆ ಇದೇ. ಕ್ರಮ ಮರೆತುಹೋಗಬೇಕು, ಅಂದರೆ ನೆನಪಿಸಿಕೊಳ್ಳುವ ಅಗತ್ಯವೇ ಇಲ್ಲದಂತಾಗಬೇಕು. ಆಗ ಮಾತ್ರ ಬೆರಳು ಕೆಳಗಿರುವುದನ್ನು ಕೇಳಲು ಶುರುಮಾಡುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಇದು ಮೂವತ್ತು ನಲವತ್ತು ಮೈಗಳ ನಂತರ ಆಗುವುದನ್ನು ನೋಡಿದ್ದೇನೆ. ಕೆಲವರಿಗೆ ಇನ್ನೂ ತಡ. ಐದಾರು ಮೈಗೆ ಆದವರನ್ನು ಈವರೆಗೆ ನೋಡಿಲ್ಲ.

ಮೈ ಎಂದರೆ ಬೇರೆ ಬೇರೆ ಮೈ. ತರಗತಿಯಲ್ಲಿ ಮಲಗುವವರು ಇಪ್ಪತ್ತೈದು, ಮೂವತ್ತು ವರ್ಷದ ಆರೋಗ್ಯವಂತರು. ನಿಮ್ಮ ಹೋಂಸ್ಟೇಗೆ ಬರುವವರು ಹಾಗಿರುವುದಿಲ್ಲ. ಬೆಂಗಳೂರಿನಿಂದ ಏಳೆಂಟು ಗಂಟೆ ಕಾರಿನಲ್ಲಿ ಕೂತು ಬಂದ ಐವತ್ತರ ಹೆಂಗಸು, ಮಂಡಿ ಆಪರೇಶನ್ ಆದ ಅತ್ತೆ, ಬಸುರಿ ಎಂದು ಇನ್ನೂ ಯಾರಿಗೂ ಹೇಳದ ಹುಡುಗಿ, ಬೆಳಿಗ್ಗೆಯಿಂದ ಜೋಗದ ಮೆಟ್ಟಿಲು ಹತ್ತಿಳಿದು ಮೀನಖಂಡ ಬಿಗಿದುಕೊಂಡವಳು. ಒಬ್ಬೊಬ್ಬರ ಚರ್ಮ ಬೇರೆ, ತಡೆದುಕೊಳ್ಳುವ ಒತ್ತಡ ಬೇರೆ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಚಿಕ್ಕ ಕೋರ್ಸುಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಭಾಗಕ್ಕೇ. ಆಯುರ್ವೇದದ ಹಳೆಯ ಗ್ರಂಥವಾದ ಅಷ್ಟಾಂಗ ಹೃದಯದಲ್ಲಿ ವಾಗ್ಭಟರು ಅಭ್ಯಂಗವನ್ನು ದಿನವೂ ಮಾಡಿಕೊಳ್ಳಬೇಕು, ಅದು ಮುಪ್ಪು, ದಣಿವು, ವಾತವನ್ನು ಕಳೆಯುತ್ತದೆ ಎಂದು ಹೊಗಳಿದ ಬೆನ್ನಿಗೇ ಯಾರಿಗೆ ಮಾಡಬಾರದು ಎಂದೂ ಹೇಳುತ್ತಾರೆ: ಕಫ ಹೆಚ್ಚಾದವರಿಗೆ, ಆಗಷ್ಟೇ ಶೋಧನ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ ಮಾಡುವುದು) ಮಾಡಿಸಿಕೊಂಡವರಿಗೆ, ಅಜೀರ್ಣವಿರುವವರಿಗೆ ಬೇಡ. ಹೊಗಳಿಕೆಯ ಸಾಲು ಎಲ್ಲ ಸ್ಪಾಗಳ ಗೋಡೆಯ ಮೇಲಿರುತ್ತದೆ. ಎರಡನೆಯ ಸಾಲನ್ನು ಗೋಡೆಯ ಮೇಲೆ ನಾನು ಕಂಡಿಲ್ಲ.

ಇಂದಿನ ವೈದ್ಯಕೀಯ ಆ ಪಟ್ಟಿಗೆ ಇನ್ನಷ್ಟು ಸೇರಿಸಿದೆ. ಒಂದೇ ಕಾಲಿನ ಮೀನಖಂಡ ಊದಿದೆ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿಯಾಗಿದೆ, ನೋವಿದೆ, ಅವರು ದೂರ ಪ್ರಯಾಣ ಮಾಡಿ ಬಂದಿದ್ದಾರೆ ಅಥವಾ ಇತ್ತೀಚೆಗೆ ಆಪರೇಶನ್ ಆಗಿದೆ ಎಂದರೆ ಆ ಕಾಲನ್ನು ಮುಟ್ಟಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು; ನೀವಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ನೇರ ಆಸ್ಪತ್ರೆಗೆ ಕಳಿಸಿ. ಮಂಡಿಯ ಹಿಂದಿನ ಗುಳಿ, ಮೊಣಕೈಯ ಒಳಮಡಿಕೆ, ಕಂಕುಳು, ತೊಡೆಸಂದು, ಕತ್ತಿನ ಮುಂಭಾಗ ಇವುಗಳಲ್ಲಿ ನರ, ರಕ್ತನಾಳಗಳು ಚರ್ಮದ ಹತ್ತಿರವೇ ಇರುತ್ತವೆ; ಅಲ್ಲಿ ಹೆಬ್ಬೆರಳು ಊರಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಟ್ಟಿಯಾಗಿ ಒತ್ತಿದರೆ ಮೈಯೆಲ್ಲ ಕಂದುತ್ತದೆ. ಜ್ವರವಿದ್ದವರಿಗೆ ಬೇಡ, ಊಟವಾದ ತಕ್ಷಣ ಬೇಡ. ಬಸುರಿಯರಿಗೆ ಮಾಡುವುದು ಬೇರೆಯೇ ವಿದ್ಯೆ; ಅದನ್ನು ವೈದ್ಯರ ಒಪ್ಪಿಗೆಯಿಲ್ಲದೆ, ಅದಕ್ಕೆಂದೇ ಕಲಿಯದೆ ಮುಟ್ಟಬೇಡಿ.

ಸಕ್ಕರೆ ಕಾಯಿಲೆಯವರ ಬಗ್ಗೆ ಒಂದು ಮಾತು, ಇದನ್ನು ನಾನು ನೋವುಂಡು ಕಲಿತದ್ದು. ಕೆಲಸದ ಮೊದಲ ವರ್ಷ ಒಬ್ಬ ಅಜ್ಜಿಗೆ ಪಾದಾಭ್ಯಂಗ ಮಾಡುತ್ತಿದ್ದೆ. ಎಣ್ಣೆಯ ಬಿಸಿಯನ್ನು ಅಂಗೈಯಲ್ಲಿ ನೋಡಿದೆ, ಹಿತವಾಗಿದೆ ಎನ್ನಿಸಿತು. "ಬಿಸಿಯಾಯಿತಾ ಅಜ್ಜಿ?" ಎಂದು ಕೇಳಿದೆ, "ಇಲ್ಲಮ್ಮ, ಚೆನ್ನಾಗಿದೆ" ಎಂದರು. ಮರುದಿನ ಅವರ ಪಾದದ ಮೇಲೆ ಬೊಬ್ಬೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನು ತಿಂದುಹಾಕಿತ್ತು. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೆ ಗೊತ್ತೇ ಆಗಿರಲಿಲ್ಲ. ನನ್ನ ಅಂಗೈ ದಿನವೂ ಬಿಸಿ ಎಣ್ಣೆ ಮುಟ್ಟಿ ಮರಗಟ್ಟಿತ್ತು. ಆ ಗಾಯ ವಾಸಿಯಾಗಲು ಹಿಡಿದ ಅಷ್ಟೂ ವಾರ ಅವರ ಮನೆಗೆ ಹೋಗಿ ಬಂದೆ. ಅಂದಿನಿಂದ ಎಣ್ಣೆಯನ್ನು ಮಣಿಕಟ್ಟಿನ ಒಳಮೈಯಲ್ಲಿ ನೋಡುತ್ತೇನೆ, ಸಕ್ಕರೆ ಕಾಯಿಲೆ ಇದೆಯೇ ಎಂದು ಮೊದಲೇ ಕೇಳುತ್ತೇನೆ, ಬಿಸಿ ಹೇಗಿದೆ ಎಂದು ಅವರನ್ನು ಕೇಳಿ ತೀರ್ಮಾನಿಸುವುದಿಲ್ಲ. ಈ ಪಾಠ ನನಗೆ ಯಾರೋ ಹೇಳಿಕೊಟ್ಟಿರಲೂಬಹುದು. ಹೇಳಿದ್ದು ಕೈಗೆ ಇಳಿಯುವಷ್ಟು ಹೊತ್ತು ನನಗೆ ಸಿಕ್ಕಿರಲಿಲ್ಲ.

ನಿಮ್ಮ ಮೈಯ ಬಗ್ಗೆಯೂ ಯೋಚಿಸಬೇಕು. ದಿನಕ್ಕೆ ಎಂಟು ಗಂಟೆಯ ಕೋರ್ಸಿನಲ್ಲಿ ಐದನೆಯ, ಆರನೆಯ ದಿನಕ್ಕೆ ಬಹಳ ಜನರ ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತದೆ. ಬಲ ತೋಳಿನಿಂದ ಬರುತ್ತದೆ ಎಂದು ಹೊಸಬರು ತಿಳಿದಿರುತ್ತಾರೆ. ಬಲ ಬರಬೇಕಾದದ್ದು ಪಾದದಿಂದ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು, ಮೊಣಕಾಲು ತುಸು ಸಡಿಲಿಸಿ, ಮೈಭಾರವನ್ನು ಮುಂದಕ್ಕೆ ವಾಲಿಸಿದರೆ ಅಂಗೈಯ ಮೂಲಕ ಅದು ತಾನಾಗಿ ಇಳಿಯುತ್ತದೆ. ರಾಗಿ ಬೀಸುವ ಕಲ್ಲಿನ ಮುಂದೆ ಕೂತ ಹಳೆಯ ಕಾಲದ ಹೆಂಗಸರು ಸೊಂಟದಿಂದ ತೂಗುತ್ತಿದ್ದರಲ್ಲ, ಹಾಗೆ. ಮೇಜಿನ ಎತ್ತರವೂ ಮುಖ್ಯ: ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬೆರಳ ಗಿಣ್ಣು ಮೇಜನ್ನು ಸವರುವಂತಿರಬೇಕು. ನಿಮ್ಮ ಪಾರ್ಲರಿನ ಐದು ವರ್ಷ ತಲೆ, ಮುಖಕ್ಕೆ ಬೇಕಾದ ನಯವಾದ ಬೆರಳನ್ನು ಕೊಟ್ಟಿದೆ. ಅದು ದೊಡ್ಡ ಆಸ್ತಿ. ಮುಟ್ಟಲು ಸಂಕೋಚಪಡುವವರಿಗೆ ಮೊದಲ ತಿಂಗಳು ಅದಕ್ಕೇ ಹೋಗುತ್ತದೆ, ನಿಮಗೆ ಅದು ಉಳಿಯಿತು. ಆದರೆ ಅದೇ ಬೆರಳಿನಿಂದ ಬೆನ್ನು ಮಾಡಲು ಹೋದರೆ ಎರಡು ವರ್ಷದಲ್ಲಿ ಹೆಬ್ಬೆರಳು ಕೈಕೊಡುತ್ತದೆ. ಬೆನ್ನಿಗೆ ಅಂಗೈಯ ಬುಡ, ಮುಂಗೈ ಬಳಸುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಿ.

ಹಾಗಾದರೆ ಚಿಕ್ಕ ಕೋರ್ಸು ಯಾರಿಗೂ ಸಾಲದೇ? ಮನೆಯವರಿಗಷ್ಟೇ ಮಾಡುವವರಿಗೆ ಸಾಕು. ಈಗಾಗಲೇ ದಿನವೂ ಮೈ ಮುಟ್ಟುವ ಕೆಲಸದಲ್ಲಿರುವ ಫಿಸಿಯೋಥೆರಪಿಸ್ಟರು, ನರ್ಸುಗಳು, ಅನುಭವಸ್ಥ ಥೆರಪಿಸ್ಟರು ಹೊಸದೊಂದು ವಿಧಾನ ಸೇರಿಸಿಕೊಳ್ಳಲು ಹೋದರೆ ಧಾರಾಳ ಸಾಕು. ಬ್ಯಾಂಕಾಕಿನ ವಾಟ್ ಪೋ ದೇವಾಲಯದ ಹೆಸರಾಂತ ಶಾಲೆಯಲ್ಲೂ 5 ದಿನದ, 30 ಗಂಟೆಯ ಥಾಯ್ ಮಸಾಜ್ ಕೋರ್ಸಿದೆ, ಜಗತ್ತಿನ ಎಲ್ಲೆಡೆಯಿಂದ ಜನ ಬಂದು ಕಲಿಯುತ್ತಾರೆ. ಅದು ಮೊದಲ ಮೆಟ್ಟಿಲು, ಮೇಲಿನ ಹಂತಗಳು ಬೇರೆ ಇವೆ. ಮಸಾಜಿನಿಂದಲೇ ಹೊಟ್ಟೆಪಾಡು ನಡೆಸುವವರಿಂದ ಬೇರೆ ಬೇರೆ ನಾಡುಗಳು ಏನು ಕೇಳುತ್ತವೆ ನೋಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಪರವಾನಗಿಗೆ 1000 ಗಂಟೆಯ ಶಿಕ್ಷಣ ಬೇಕು. ಜಪಾನಿನಲ್ಲಿ ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು. ಪಕ್ಕದ ಕೇರಳದಲ್ಲಿ ಸರ್ಕಾರದ ಆಯುರ್ವೇದ ಥೆರಪಿಸ್ಟ್ ಕೋರ್ಸ್ ಒಂದು ವರ್ಷದ್ದು. ನಮ್ಮ ದೇಶದಲ್ಲಿ ಮಸಾಜ್ ಮಾಡುವವರಿಗೆಂದೇ ದೇಶಕ್ಕೆಲ್ಲ ಅನ್ವಯಿಸುವ ಪರವಾನಗಿ ಕಾನೂನು ಇಲ್ಲ. ಕೌಶಲ ಅಭಿವೃದ್ಧಿ ಯೋಜನೆಗಳಡಿ ಸ್ಪಾ ಥೆರಪಿಸ್ಟ್, ಪಂಚಕರ್ಮ ಟೆಕ್ನೀಶಿಯನ್ ಎಂಬ ಅರ್ಹತೆಗಳಿವೆ, ಅವಕ್ಕೆ ಬೆಲೆಯಿದೆ, ಕಡ್ಡಾಯವಲ್ಲ. ಹಾಗಾಗಿ ಹತ್ತು ದಿನದ ಸರ್ಟಿಫಿಕೇಟು ಹಿಡಿದು ನಾಳೆಯೇ ಕೆಲಸ ಶುರುಮಾಡಿದರೆ ನಿಮ್ಮನ್ನು ತಡೆಯುವವರು ಯಾರೂ ಇಲ್ಲ. ನಿಮ್ಮನ್ನು ನೀವೇ ತಡೆದುಕೊಳ್ಳಬೇಕು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹಣ ಕಟ್ಟುವ ಮೊದಲು ಫೋನ್ ಮಾಡಿ ಕೆಲವನ್ನು ಕೇಳಿ. ಒಬ್ಬ ಗುರುವಿಗೆ ಎಷ್ಟು ಜನ ವಿದ್ಯಾರ್ಥಿಗಳು? ಎಂಟಕ್ಕಿಂತ ಹೆಚ್ಚಿದ್ದರೆ ನಿಮ್ಮ ಕೈಯನ್ನು ಯಾರೂ ನೋಡುವುದಿಲ್ಲ. ದಿನವೂ ಜೋಡಿ ಬದಲಿಸುತ್ತಾರೆಯೇ? ಹೊರಗಿನಿಂದ ಬಂದವರಿಗೆ ಮಾಡುವ ಅವಕಾಶವಿದೆಯೇ? ಕೋರ್ಸ್ ಮುಗಿದ ಮೇಲೆ ಒಂದೆರಡು ಸಲ ಬಂದು ತೋರಿಸಿ ತಿದ್ದಿಸಿಕೊಂಡು ಹೋಗಬಹುದೇ? ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದನ್ನು ಮರೆಯಬೇಡಿ: ಗುರುಗಳು ತಾವೇ ಮಲಗಿ ನಿಮ್ಮಿಂದ ಮಾಡಿಸಿಕೊಳ್ಳುತ್ತಾರೆಯೇ? ಪಕ್ಕದಲ್ಲಿ ನಿಂತು ನೋಡಿದರೆ ಕೈ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕಾಣುತ್ತದೆ. ಒತ್ತಡ ಕಾಣುವುದಿಲ್ಲ. ನಿಮ್ಮ ಎಡಗೈ ಬಲಗೈಗಿಂತ ಹಗುರವಾಗಿದೆ, ಸೊಂಟದ ಹತ್ತಿರ ಬಂದಾಗ ಅವಸರಪಡುತ್ತೀರಿ, ಕೈ ಎತ್ತುವಾಗ ಕಿತ್ತಂತಾಗುತ್ತದೆ ಎಂಬುದೆಲ್ಲ ಕೆಳಗೆ ಮಲಗಿದ ಬೆನ್ನಿಗೆ ಮಾತ್ರ ಗೊತ್ತು. ಇದಕ್ಕೆ ಹೌದು ಎನ್ನುವ ಜಾಗ ಸಿಕ್ಕರೆ ಸ್ವಲ್ಪ ಹೆಚ್ಚು ಫೀಸಾದರೂ ಅಲ್ಲಿಗೆ ಹೋಗಿ.

ಹೋಗುವ ಮುಂಚಿನ ತಿಂಗಳು ಮನೆಯಲ್ಲೇ ಶುರುಮಾಡಿ. ಹೇಗೂ ತಲೆ ಬರುತ್ತದೆ, ಪಾದ ಸೇರಿಸಿಕೊಳ್ಳಿ. ನಿಮ್ಮದೇ ಕಾಲು, ಕೈ, ಹೆಗಲನ್ನು ಮುಟ್ಟಿ ಮುಟ್ಟಿ ಎಲ್ಲಿ ಎಲುಬು, ಎಲ್ಲಿ ಮಾಂಸ, ಎಲ್ಲಿ ಸಂದು ಎಂದು ಕಣ್ಣುಮುಚ್ಚಿ ಹೇಳುವಂತಾಗಿ. ಹೀಗೆ ತಯಾರಾಗಿ ಹೋದವರು ಅಲ್ಲಿ ಹದಿನೇಳು ಗಂಟೆಯನ್ನು ಹೆಸರು ಕಲಿಯಲು ಕಳೆಯುವುದಿಲ್ಲ.

ಕೋರ್ಸಿನ ದಿನಗಳಲ್ಲಿ ಎಂಟರ ಮೇಲೂ ಸಮಾನ ಗಮನ ಕೊಡಬೇಡಿ. ಅಭ್ಯಂಗ, ತಲೆ, ಪಾದ ಈ ಮೂರನ್ನು ಹಿಡಿದುಕೊಳ್ಳಿ. ಉಳಿದ ಐದನ್ನು ನೋಡಿ, ಬರೆದುಕೊಂಡು ಬನ್ನಿ. ಶಿರೋಧಾರಾ, ಪಿಂಡಸ್ವೇದ, ಕಟಿಬಸ್ತಿ ಚಿಕಿತ್ಸೆಗಳು; ವೈದ್ಯರು ನೋಡಿ ಹೇಳಿದ ಮೇಲೆ ಮಾಡುವಂಥವು. ವೈದ್ಯರಿಲ್ಲದ ಹೋಂಸ್ಟೇಯಲ್ಲಿ ಅವನ್ನು ಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ, ಮಾಲೀಕರು ಎಷ್ಟೇ ಒತ್ತಾಯಿಸಲಿ. ರಾತ್ರಿ ಅಭ್ಯಾಸ ಮಾಡುತ್ತೇನೆಂದು ನಿದ್ದೆಗೆಡಬೇಡಿ. ಕಣಕ ನೆನೆಯುವುದು ಆಗಲೇ.

ಬಂದ ಮೇಲಿನ ಮೂರು ತಿಂಗಳೇ ನಿಮ್ಮ ನಿಜವಾದ ಕೋರ್ಸು. ವಾರಕ್ಕೆ ಮೂರು ಮೈ, ಒಂದೇ ದಿನ ಮೂರಲ್ಲ, ಒಂದು ದಿನ ಬಿಟ್ಟು ಒಂದು. ಹನ್ನೆರಡು ವಾರಕ್ಕೆ 36 ಆಯಿತು. ಹಣ ತೆಗೆದುಕೊಳ್ಳಬೇಡಿ, ಎಣ್ಣೆಯ ಖರ್ಚು ಮಾತ್ರ ನಿಮ್ಮದು. ಶುದ್ಧ ಎಳ್ಳೆಣ್ಣೆ ಸಾಕು, ದುಬಾರಿ ತೈಲ ಬೇಡ. ಮೈಗೆ ಎಲ್ಲಿ ಹೋಗಲಿ ಎಂದು ಚಿಂತಿಸಬೇಡಿ, ನೀವು ಅಡಿಕೆ ನಾಡಿನಲ್ಲಿದ್ದೀರಿ. ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರ ಕತ್ತು, ಹೆಗಲು, ಸೊಂಟಕ್ಕಿಂತ ಒಳ್ಳೆಯ ಪಾಠಶಾಲೆ ಬೆಂಗಳೂರಿನಲ್ಲಿಲ್ಲ. ಅವರ ಬೆನ್ನು ಗಟ್ಟಿ. ಮೈಭಾರ ಇಳಿಸುವುದನ್ನು ಕಲಿಯದೆ ಅಲ್ಲಿ ಕೆಲಸ ನಡೆಯುವುದಿಲ್ಲ. ನಿಮ್ಮ ಅತ್ತೆಯ ವಯಸ್ಸಿನವರ ಚರ್ಮ ಕಾಗದದಂತೆ ತೆಳು. ಅಲ್ಲಿ ಹಗುರವಾಗುವುದನ್ನು ಕಲಿಯುತ್ತೀರಿ. ಊರಿನಲ್ಲಿ ಬಾಣಂತಿಗೆ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹಿರಿಯರಿದ್ದರೆ ಅವರ ಪಕ್ಕದಲ್ಲಿ ನಾಲ್ಕು ದಿನ ಕೂತು ಅವರ ಕೈ ನೋಡಿ. ಅವರು ತಾಯಿಯ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕಲಿತವರು. ಎಷ್ಟೋ ಸಂಗತಿಗೆ ಅವರ ಬಳಿ ಹೆಸರಿಲ್ಲ, ಕೈಯಿದೆ.

ಪ್ರತಿ ಮೈಗೂ ನೋಟುಬುಕ್ಕಿನಲ್ಲಿ ಅರ್ಧ ಪುಟ ಬರೆಯಿರಿ. ವಯಸ್ಸು, ಕಾಯಿಲೆ, ಮಾತ್ರೆ, ಮೊದಲು ಏನು ಕೇಳಿದಿರಿ. ಎಲ್ಲಿ ಗಂಟು ಸಿಕ್ಕಿತು. ಅವರು ಎಲ್ಲಿ "ಹಾಂ" ಎಂದರು, ಎಲ್ಲಿ ಉಸಿರು ಬಿಗಿಹಿಡಿದರು. ಕೊನೆಗೆ ನಿಮ್ಮ ಮೈಯಲ್ಲಿ ಎಲ್ಲಿ ನೋವು ಬಂತು. ಹತ್ತನೆಯ ಮೈ ಆದ ಮೇಲೆ ಒಮ್ಮೆ, ಮೂವತ್ತನೆಯದಾದ ಮೇಲೆ ಒಮ್ಮೆ ಬಸ್ಸು ಹತ್ತಿ ಗುರುಗಳ ಬಳಿ ಹೋಗಿ, ಅವರನ್ನು ಮಲಗಿಸಿ ಮಾಡಿ ತೋರಿಸಿ. ತಪ್ಪನ್ನೇ ಮೂವತ್ತಾರು ಸಲ ಅಭ್ಯಾಸ ಮಾಡಿದರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ, ಅದಕ್ಕೆ ಈ ಎರಡು ಪ್ರಯಾಣ.

ಅಷ್ಟರವರೆಗೆ ಹೋಂಸ್ಟೇ ಕೆಲಸ ಕೈತಪ್ಪಿ ಹೋದರೆ ಎಂಬ ಆತಂಕ ನಿಮಗಿರುತ್ತದೆ. ಅದನ್ನು ಕಳೆದುಕೊಳ್ಳಬೇಕಿಲ್ಲ. ಕೋರ್ಸಿನಿಂದ ಬಂದ ತಕ್ಷಣ ತಲೆ ಮತ್ತು ಪಾದದ ಅರ್ಧ ಗಂಟೆಯ ಮಸಾಜ್ ಮಾತ್ರ ಮಾಡುತ್ತೇನೆ, ಪೂರ್ತಿ ಅಭ್ಯಂಗ ನಾಲ್ಕನೆಯ ತಿಂಗಳಿಂದ ಎಂದು ಮಾಲೀಕರಿಗೆ ಈಗಲೇ ಹೇಳಿ. ಜೋಗ ನೋಡಿ ಬಂದವರಿಗೆ ಪಾದದ ಮಸಾಜೇ ಹೆಚ್ಚು ಬೇಕಾಗುವುದು, ಅವರಿಗೂ ನಷ್ಟವಿಲ್ಲ. ಹೆಂಗಸರಿಗೆ ಮಾತ್ರ ಎಂಬ ಮಾತನ್ನು ಬರಹದಲ್ಲಿ ಹಾಕಿಸಿಕೊಳ್ಳಿ. ಒಳಗಿನಿಂದ ಚಿಲಕವಿರುವ, ಗಾಳಿಯಾಡುವ, ಎಣ್ಣೆ ಚೆಲ್ಲಿದರೆ ಜಾರದ ನೆಲದ ಕೋಣೆ ಕೇಳಿ. ಮೇಜನ್ನು ನಿಮ್ಮ ಗಿಣ್ಣಿನ ಎತ್ತರಕ್ಕೇ ಮಾಡಿಸಲಿ, ಸಾಗರದಲ್ಲಿ ಒಳ್ಳೆಯ ಬಡಗಿಗಳಿಗೆ ಬರವಿಲ್ಲ. ಮೂವತ್ತನೆಯ ಮೈ ಮುಗಿದಾಗ ನೋಟುಬುಕ್ಕಿನ ಮೊದಲ ಮತ್ತು ಕೊನೆಯ ಪುಟ ಎರಡನ್ನೂ ನನಗೆ ಬರೆದು ಕಳಿಸಿ, ಓದಿ ಉತ್ತರ ಬರೆಯುತ್ತೇನೆ.